ಲ್ಯಾನ್‌ನಲ್ಲಿ ಫೈಲ್ ಕಾಪಿ ಕೈಕೊಟ್ಟರೆ: ಎಲ್ಲಿ ನಿಂತಿತು ಎಂದು ಮೊದಲು ನೋಡಿ

ಲ್ಯಾನ್‌ನಲ್ಲಿ, ಅಂದರೆ ಮನೆ ಅಥವಾ ಆಫೀಸಿನೊಳಗಿನ ನೆಟ್‌ವರ್ಕ್‌ನಲ್ಲಿ, ವಿಂಡೋಸ್ ಕಂಪ್ಯೂಟರ್‌ಗಳ ನಡುವೆ ಫೈಲ್ ಹೋಗದಿದ್ದರೆ ಬಹಳ ಜನ ತಕ್ಷಣ ರೂಟರ್ ಆಫ್ ಮಾಡಿ ಆನ್ ಮಾಡುತ್ತಾರೆ. ಅದಕ್ಕೂ ಮುಂಚೆ ಗಮನಿಸಬೇಕಾದ್ದು ಬೇರೆಯೇ ಇದೆ. ಕಾಪಿ ಶುರುವೇ ಆಗಲಿಲ್ಲವೋ, ಪ್ರತಿ ಸಲವೂ ಅದೇ ಫೈಲ್ ಹತ್ತಿರ ನಿಲ್ಲುತ್ತದೋ, ಇಲ್ಲಾ ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತದೋ? ಮೂರಕ್ಕೂ ಮದ್ದು ಬೇರೆ.

ಶುರುವೇ ಆಗದಿದ್ದರೆ ಎರಡೂ ಕಂಪ್ಯೂಟರ್‌ಗಳ ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ (ipconfig) ಕೊಡಿ. ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಕಂಪ್ಯೂಟರನ್ನು ಗುರುತಿಸುವ ಸಂಖ್ಯೆ) 169.254ರಿಂದ ಶುರುವಾಗಿದ್ದರೆ ಆ ಕಂಪ್ಯೂಟರ್‌ಗೆ ರೂಟರ್‌ನಿಂದ ಐಪಿ ಸಿಕ್ಕಿಲ್ಲ. ಕೇಬಲ್ ಅಥವಾ ವೈಫೈ ನೋಡಿ. ಒಂದು ಕಂಪ್ಯೂಟರ್ ಗೆಸ್ಟ್ ವೈಫೈಗೆ (ಅತಿಥಿಗಳಿಗೆಂದು ಬೇರೆ ಇಟ್ಟ ವೈಫೈ) ಸೇರಿಕೊಂಡಿದ್ದರೂ ಇನ್ನೊಂದು ಕಾಣಿಸುವುದಿಲ್ಲ. ವಿಳಾಸ ಸರಿಯಿದ್ದರೆ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಹೆಸರಿನ ಬದಲು \\192.168.1.20 ಎಂಬಂತೆ ಇನ್ನೊಂದು ಕಂಪ್ಯೂಟರಿನ ಐಪಿಯನ್ನೇ ಟೈಪ್ ಮಾಡಿ. ತೆರೆದುಕೊಂಡರೆ ತೊಂದರೆ ಹೆಸರು ಹುಡುಕುವುದರಲ್ಲಿದೆ ಅಷ್ಟೆ, ಐಪಿಯಿಂದಲೇ ಕೆಲಸ ಮುಗಿಸಬಹುದು.

ಪಿಂಗ್‌ಗೆ (ಇನ್ನೊಂದು ಕಂಪ್ಯೂಟರ್ ಸಿಗುತ್ತಿದೆಯೇ ಎಂದು ನೋಡುವ ಕಮಾಂಡ್) ಉತ್ತರ ಬರಲಿಲ್ಲವೆಂದು ನೆಟ್‌ವರ್ಕ್ ಸತ್ತಿದೆ ಎನ್ನಬೇಡಿ. ಫೈರ್‌ವಾಲ್ ಪಿಂಗನ್ನು ಮಾತ್ರ ತಡೆದಿರಬಹುದು. ಫೈಲ್ ಶೇರಿಂಗ್ ನಡೆಯುವುದು ಟಿಸಿಪಿ ಪೋರ್ಟ್ (ನೆಟ್‌ವರ್ಕ್ ಸಂಪರ್ಕದ ಬಾಗಿಲು ಸಂಖ್ಯೆ ಇದ್ದಂತೆ) 445ರಲ್ಲಿ; ಪವರ್‌ಶೆಲ್‌ನ ಟೆಸ್ಟ್-ನೆಟ್‌ಕನೆಕ್ಷನ್ ಕಮಾಂಡ್‌ಗೆ ಆ ಪೋರ್ಟ್ ಕೊಟ್ಟು ಪರೀಕ್ಷಿಸಿ (Test-NetConnection 192.168.1.20 -Port 445). ಅದೂ ಸೋತರೆ ನೆಟ್‌ವರ್ಕ್ ಪ್ರೊಫೈಲ್ ‘ಪಬ್ಲಿಕ್’ ಆಗಿದೆಯೇ ನೋಡಿ, ‘ಪ್ರೈವೇಟ್’ ಮಾಡಿ, ಫೈಲ್ ಶೇರಿಂಗ್ ಆನ್ ಮಾಡಿ. ಫೈರ್‌ವಾಲನ್ನೇ ಪೂರ್ತಿ ಆಫ್ ಮಾಡುವ ಸಲಹೆ ಕೇಳಬೇಡಿ.

ಪಾಸ್‌ವರ್ಡ್ ಕೇಳಿದಾಗ ಪಿನ್ ಕೊಟ್ಟರೆ ನಡೆಯದು, ಅಕೌಂಟಿನ ನಿಜವಾದ ಪಾಸ್‌ವರ್ಡೇ ಬೇಕು. ಪಾಸ್‌ವರ್ಡೇ ಇಲ್ಲದ ಅಕೌಂಟನ್ನು ವಿಂಡೋಸ್ ಸಾಮಾನ್ಯವಾಗಿ ನೆಟ್‌ವರ್ಕ್ ಮೂಲಕ ಒಳಗೆ ಬಿಡುವುದಿಲ್ಲ. ಫೋಲ್ಡರ್ ತೆರೆಯುತ್ತದೆ, ಆದರೆ ಬರೆಯಲು ಬಿಡುತ್ತಿಲ್ಲ ಎಂದಾದರೆ ಅದರ ಪ್ರಾಪರ್ಟೀಸ್‌ನಲ್ಲಿ ಶೇರಿಂಗ್ ಮತ್ತು ಸೆಕ್ಯುರಿಟಿ ಟ್ಯಾಬ್ ಎರಡನ್ನೂ ನೋಡಬೇಕು. ಎರಡರಲ್ಲಿ ಯಾವುದು ಹೆಚ್ಚು ಬಿಗಿಯೋ ಅದೇ ಗೆಲ್ಲುತ್ತದೆ.

ಅದೇ ಫೈಲ್‌ನಲ್ಲೇ ನಿಲ್ಲುತ್ತಿದ್ದರೆ ನೆಟ್‌ವರ್ಕ್ ಬಹುಪಾಲು ನಿರಪರಾಧಿ. ಆ ಫೈಲನ್ನು ಅದಿರುವ ಕಂಪ್ಯೂಟರ್‌ನಲ್ಲೇ ಇನ್ನೊಂದು ಫೋಲ್ಡರ್‌ಗೆ ಕಾಪಿ ಮಾಡಿ. ಅಲ್ಲೂ ಸೋತರೆ ಡಿಸ್ಕ್ ಕೆಟ್ಟಿರಬಹುದು, ಅಥವಾ ಯಾವುದೋ ಪ್ರೋಗ್ರಾಂ ಆ ಫೈಲನ್ನು ಹಿಡಿದುಕೊಂಡಿರಬಹುದು. ಅಲ್ಲಿ ಸರಿಯಾಗಿ ಆದರೆ, ತಲುಪಬೇಕಾದ ಡ್ರೈವ್ ಫ್ಯಾಟ್32 (ಡ್ರೈವ್‌ನಲ್ಲಿ ಫೈಲ್ ಜೋಡಿಸಿಡುವ ಒಂದು ಹಳೆಯ ವಿಧಾನ) ಇದೆಯೇ ನೋಡಿ. ಅದು 4 ಜಿಬಿ ಅಥವಾ ಅದಕ್ಕಿಂತ ದೊಡ್ಡ ಫೈಲನ್ನು ಎಷ್ಟು ಜಾಗವಿದ್ದರೂ ತೆಗೆದುಕೊಳ್ಳದು. ಫೋಲ್ಡರ್ ಒಳಗೆ ಫೋಲ್ಡರ್ ಸೇರಿ ಪಾತ್ (ಫೈಲಿನ ಪೂರ್ಣ ದಾರಿ) 260 ಅಕ್ಷರ ಮೀರಿದರೂ ಹೀಗೇ. ಲಿನಕ್ಸ್‌ನಿಂದ ಬಂದ ಫೈಲ್ ಹೆಸರಿನಲ್ಲಿ ಕೋಲನ್ ಅಥವಾ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಹೆಸರು ಬದಲಿಸಿ.

ಎಲ್ಲೆಂದರಲ್ಲಿ ನಿಲ್ಲುವುದು ಕೇಬಲ್, ವೈಫೈ ಅಥವಾ ಸ್ಲೀಪ್‌ನ ಕಾಟ. ಎರಡೂ ಕಡೆ ಗಿಗಾಬಿಟ್ ಪೋರ್ಟ್ ಇದ್ದೂ ಲಿಂಕ್ ಸ್ಪೀಡ್ 100 ಎಂಬಿಪಿಎಸ್ ತೋರಿಸಿದರೆ ಮೊದಲು ಕೇಬಲ್ ಬದಲಿಸಿ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡು ಜೋಡಿ ಸಾಕು. ಹಾಗಾಗಿ ಒಂದು ತಂತಿ ಕಡಿದಿದ್ದರೂ ಕೇಬಲ್ ನಿಧಾನವಾಗಿ ಕೆಲಸ ಮಾಡುತ್ತಲೇ ಇರಬಹುದು. ಎರಡೂ ಕಂಪ್ಯೂಟರ್‌ಗಳಲ್ಲಿ ಸ್ಲೀಪ್ ಆಫ್ ಮಾಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರ್‌ನ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್ ಇದ್ದರೆ, ವಿದ್ಯುತ್ ಉಳಿಸಲು ಅದನ್ನು ಆಫ್ ಮಾಡಬಹುದೆಂಬ ಟಿಕ್ ತೆಗೆಯಿರಿ.

ದೊಡ್ಡ ಫೋಲ್ಡರ್‌ಗಳಿಗೆ ಎಳೆದು ಬಿಡುವ ಬದಲು ವಿಂಡೋಸ್‌ನದೇ ಕಮಾಂಡ್ ರೋಬೋಕಾಪಿ (robocopy) ಬಳಸಿ: ಮೂಲ ಫೋಲ್ಡರ್, ಗುರಿ ಫೋಲ್ಡರ್, ನಂತರ /E /Z /R:3 /W:5. E ಅಂದರೆ ಒಳಗಿನ ಫೋಲ್ಡರ್‌ಗಳೂ ಸೇರಿ, R ಎಷ್ಟು ಸಲ ಮತ್ತೆ ಪ್ರಯತ್ನಿಸಬೇಕು, W ನಡುವೆ ಎಷ್ಟು ಸೆಕೆಂಡು ಕಾಯಬೇಕು. Z ಇದ್ದರೆ ಸಂಪರ್ಕ ಕಡಿದ ಫೈಲ್ ನಿಂತ ಕಡೆಯಿಂದ ಮುಂದುವರಿಯುತ್ತದೆ, ವೇಗ ಸ್ವಲ್ಪ ತಗ್ಗಬಹುದು. R, W ಎರಡನ್ನೂ ಕೊಡದಿದ್ದರೆ ಅದು ಒಂದೇ ಫೈಲಿಗೆ 10 ಲಕ್ಷ ಸಲ, 30 ಸೆಕೆಂಡಿಗೊಮ್ಮೆ ಪ್ರಯತ್ನಿಸುತ್ತಾ ಕೂರುತ್ತದೆ! /MIR ಮಾತ್ರ ತಿಳಿಯದೆ ಹಾಕಬೇಡಿ. ಮೂಲದಲ್ಲಿ ಇಲ್ಲದ್ದನ್ನೆಲ್ಲ ಗುರಿಯಿಂದಲೂ ಅಳಿಸಿಹಾಕುತ್ತದೆ.