ಮೊರ್ಯರ ಗುಡ್ಡದ ಆಟದಲ್ಲಿ ದಾರಿ ತೋರಿಸಿದ ಬಗೆ

ಭಯದ ವಿಡಿಯೊ ಆಟದಲ್ಲಿ ಏನು ನಡೆಯುತ್ತಿದೆ ಎಂಬುದು ಆಟಗಾರನಿಗೆ ಅರ್ಥವಾಗದಿದ್ದರೂ ನಡೆಯುತ್ತದೆ. ಮುಂದೆ ತಾನೇನು ಮಾಡಬೇಕು ಎಂಬುದು ಮಾತ್ರ ತಿಳಿಯಲೇಬೇಕು. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಮೊರ್ಯರ ಗುಡ್ಡವನ್ನು ಆಧಾರವಾಗಿಟ್ಟುಕೊಂಡು ದುಃಸ್ವಪ್ನದಂತಹ ಆಟವೊಂದನ್ನು ಕಟ್ಟುವಾಗ ನಾನು ಬಿಡದೆ ಹಿಡಿದದ್ದು ಇದೊಂದನ್ನೇ.

ಆ ಗುಡ್ಡದ ಮೇಲೆ ಬೃಹತ್ ಶಿಲಾಯುಗದ ಜನರು ಚಪ್ಪಡಿಗಳಿಂದ ಕಟ್ಟಿದ ನೂರಾರು ಕಲ್ಮನೆಗಳಿವೆ. ಕೆಲವಕ್ಕೆ ದುಂಡನೆಯ ಕಿಂಡಿಗಳಿವೆ. ಬಡಿದರೆ ದೂರದವರೆಗೆ ಕೇಳಿಸುವ ನಗಾರಿ ಗುಂಡು ಎಂಬ ಬಂಡೆಯೂ ಇದೆ. ನನ್ನ ಆಟದಲ್ಲಿ ಆಟಗಾರ ಬೆನ್ನು ತಿರುಗಿಸಿದೊಡನೆ ಈ ಮನೆಗಳು ಜಾಗ ಬದಲಿಸುವುದರಿಂದ ಯಾವ ಗುರುತೂ ಅವನ ನೆನಪಿನಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ನಗಾರಿಯ ಸದ್ದು ಮಾತ್ರ ಯಾವಾಗಲೂ ಅವನು ಹೋಗಬೇಕಾದ ಕಡೆಯಿಂದಲೇ ಬರಬೇಕೆಂದು ನಿಯಮ ಮಾಡಿಕೊಂಡೆ. ಬರೀ ಗಂಭೀರ ನಾದವಿದ್ದರೆ ಅದು ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ಸುಲಭವಾಗಿ ತಿಳಿಯದು. ಹಾಗಾಗಿ ಪ್ರತಿ ಪೆಟ್ಟಿನ ಆರಂಭದಲ್ಲಿ ಕಲ್ಲಿಗೆ ಕಲ್ಲು ತಾಕಿದ ಚುರುಕಾದ ಸದ್ದೊಂದನ್ನು ಸೇರಿಸಿದೆ, ನಡುವೆ ಚಪ್ಪಡಿ ಅಡ್ಡ ಬಂದರೆ ಆ ಚುರುಕು ಮಂಕಾಗುವಂತೆಯೂ ಮಾಡಿದೆ. ನಮ್ಮ ಕಡೆ ಹೆಡ್‌ಫೋನ್ ಇಲ್ಲದೆ ಮೊಬೈಲ್ ಸ್ಪೀಕರಿನಲ್ಲೇ ಆಡುವವರು ಬಹಳ. ಅವರಿಗಾಗಿ, ಪೆಟ್ಟು ಬಿದ್ದಾಗಲೆಲ್ಲ ಹೋಗಬೇಕಾದ ಮನೆಯ ಕಿಂಡಿಯಲ್ಲಿ ಬೆಳಕು ಮಿನುಗುತ್ತದೆ. ಹೆದರಿಸುವ ಆಸೆಯಿಂದ ಬೇರೆ ಮನೆಯಲ್ಲಿ ಆ ಬೆಳಕನ್ನು ಒಮ್ಮೆಯೂ ತೋರಿಸಿಲ್ಲ. ಒಂದು ಸಲ ಮೋಸಹೋದವನು ಆಮೇಲೆ ಯಾವ ಸೂಚನೆಯನ್ನೂ ನಂಬುವುದಿಲ್ಲ.

2001ರಲ್ಲಿ ಬಂದ ‘ಸೈಲೆಂಟ್ ಹಿಲ್ 2’ ಎಂಬ ಭಯದ ಆಟದಲ್ಲಿ ಬೀಗ ಹಾಕಿದ ಬಾಗಿಲನ್ನು ಪರೀಕ್ಷಿಸಿದರೆ ಅದರ ಗುರುತು ತಾನಾಗಿಯೇ ನಕ್ಷೆಯ ಮೇಲೆ ಬೀಳುತ್ತದೆ. ಸೂಚನೆ ಹೀಗೆ ಕಥೆಯ ಒಳಗಿನಿಂದಲೇ ಬರುವುದು ನನಗೆ ಬಹಳ ಹಿಡಿಸಿತು. ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಕೆಮ್ಮಣ್ಣಿನ ಚಿತ್ರಗಳಿರುವುದರಿಂದ, ನನ್ನ ನಾಯಕಿಯೂ ಹುಡುಕಿ ಮುಗಿಸಿದ ಮನೆಯ ಚಪ್ಪಡಿಗೆ ಕೆಮ್ಮಣ್ಣಿನ ಗೆರೆ ಎಳೆಯುತ್ತಾಳೆ. ಮನೆ ಎಲ್ಲಿಗೆ ಸರಿದರೂ ಗೆರೆ ಅದರ ಜೊತೆಗೇ ಹೋಗುತ್ತದೆ.

ಕೊಪ್ಪಳದ ಪರಿಚಿತರ ಮಕ್ಕಳಿಗೆ ಆಟ ಕೊಟ್ಟು, ಏನೂ ಹೇಳಿಕೊಡದೆ ಹಿಂದೆ ಕುಳಿತು ನೋಡಿದೆ. ಯಾರಾದರೂ ನಿಂತುಬಿಟ್ಟರೆ ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಈಗ ಏನು ಮಾಡಬೇಕು ಅನ್ನಿಸುತ್ತದೆ?” ಗೊತ್ತಿಲ್ಲವೆಂದು ಸುಮ್ಮನೆ ಸುತ್ತ ತಿರುಗುತ್ತಿದ್ದ ಜಾಗಗಳಲ್ಲಿ ಪೆಟ್ಟುಗಳ ನಡುವಿನ ಅಂತರವನ್ನು ಕಡಿಮೆ ಮಾಡಿದೆ. ಕೊನೆಯ ಕಲ್ಮನೆಯ ಮುಂದೆ ನಿಂತ ಹುಡುಗನೊಬ್ಬ, “ಒಳಗ ಹೋಗಬೇಕಂತ ಗೊತ್ತೈತ್ರೀ, ಹೋಗಾಕ ಅಂಜಿಕಿ ಬರಾಕತ್ತೈತಿ” ಎಂದ. ಆ ಹಂತಕ್ಕೆ ಬೇರೆ ಯಾವ ಸೂಚನೆಯನ್ನೂ ಸೇರಿಸಲಿಲ್ಲ.