ಕಲಬುರಗಿಯಲ್ಲಿ ಮನೆಗಿಂತ ಮೊದಲು ಓಣಿ ನೋಡಿದೆವು

ಕಲಬುರಗಿಯಲ್ಲಿ ಸ್ವಂತ ಮನೆ ಮಾಡಬೇಕು ಅಂತ ಗಟ್ಟಿಯಾದ ಮೇಲೆ ನಾನೂ ನಮ್ಮ ಮನೆಯವರೂ ಕೂತು ಒಂದು ವಿಷಯ ಮಾತಾಡಿಕೊಂಡೆವು: ಆ ಮನೆಯಲ್ಲಿ ದಿನದ ಹೆಚ್ಚು ಹೊತ್ತು ಇರುವವರು ಯಾರು? ನನ್ನ ಗಂಡ ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗೆ ಬೆಳಿಗ್ಗೆ ಹೋದರೆ ಬರುವುದು ಕತ್ತಲಾದ ಮೇಲೆ. ನಾನು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ, ಸಂಜೆವರೆಗೆ ಹೊರಗೆ. ಮನೆಯಲ್ಲಿ ಉಳಿಯುವವರು ಅತ್ತಿ, ಮಾವ. ಶಾಲೆ ಬಿಟ್ಟ ಮೇಲೆ ಇಬ್ಬರು ಮಕ್ಕಳು. ಹಾಗಾದರೆ ಓಣಿ ಆರಿಸುವ ಮಾತು ಅವರದ್ದೇ ನಡೆಯಬೇಕು ಅಂತ ತೀರ್ಮಾನಿಸಿದೆವು. ಮಂಡಿ ನೋವಿನ ಅತ್ತಿ ಎಲ್ಲಿತನಕ ನಡೆದಾರು, ಸ್ಟೆಂಟ್ ಹಾಕಿಸಿಕೊಂಡ ಮಾವನನ್ನು ರಾತ್ರಿ ಆಸ್ಪತ್ರೆಗೆ ಎಷ್ಟು ಬೇಗ ಮುಟ್ಟಿಸಬಹುದು, ಏಳನೇ ತರಗತಿಯ ಮಗಳು ಸೈಕಲ್ ಮೇಲೆ ಒಬ್ಬಳೇ ಟ್ಯೂಷನ್‌ಗೆ ಹೋಗಿ ಬರಬಹುದೇ, ಇವೇ ನಮ್ಮ ಅಳತೆ.

ಈ ಅಳತೆ ಹಿಡಿದು ನೋಡಿದರೆ ಊರೇ ಬೇರೆ ಥರ ಕಾಣುತ್ತದೆ. ಬ್ರಹ್ಮಪುರ, ಶಹಾಬಜಾರ್ ಕಡೆಯ ಹಳೇ ಓಣಿಗಳ ಮೇಲೆ ಅತ್ತಿಗೆ ಬಹಳ ಮನಸ್ಸಿತ್ತು. ಶರಣಬಸವೇಶ್ವರರ ಗುಡಿ ಹತ್ತಿರ, ಕಿರಾಣಿ, ಕಾಯಿಪಲ್ಲೆ ಎಲ್ಲ ಕೈಗೆಟಕುವಂತೆ, ಮಾತಾಡಲು ಮಂದಿ. ಆದರೆ ಆಂಬುಲೆನ್ಸ್ ತಿರುಗಲಾರದ ಇಕ್ಕಟ್ಟು ಸಂದಿಗಳಲ್ಲಿ ಮಾವನ ವಿಚಾರ ಬಂದಾಗ ಅತ್ತಿಯೇ ಬೇಡ ಅಂದರು. ಜಯನಗರ, ವಿದ್ಯಾನಗರದಂಥ ನೆಲೆಗೊಂಡ ಕಾಲೋನಿಗಳು ನಮ್ಮ ಕೈಗೆ ಎಟುಕುವ ಬೆಲೆಯಲ್ಲಿರಲಿಲ್ಲ. ಇನ್ನು ಉಳಿದದ್ದು ಸೇಡಂ ರಸ್ತೆ, ಕುಸನೂರ ರಸ್ತೆ, ಜೇವರ್ಗಿ ರಸ್ತೆ ಹಿಡಿದು ಬೆಳೆದ ಕಾಲೋನಿಗಳು, ರಿಂಗ್ ರೋಡ್ ಆಚೆಯ ಹೊಸ ಲೇಔಟ್‌ಗಳು. 2019ರ ನವೆಂಬರ್‌ನಲ್ಲಿ ಶ್ರೀನಿವಾಸ ಸರಡಗಿ ಹತ್ತಿರ ವಿಮಾನ ನಿಲ್ದಾಣ ಶುರುವಾದಾಗಿನಿಂದ ಆ ಕಡೆ ಪ್ಲಾಟ್ ತೋರಿಸುವವರು ಮೊದಲು ಹೇಳುವ ಮಾತೇ ‘ಏರ್‌ಪೋರ್ಟ್ ಹತ್ರ ಅದ್ರಿ’. ಹಣ ಹೂಡುವವರಿಗೆ ಆ ಮಾತು ಬೇಕಾದೀತು. ಇರಲು ಮನೆ ಹುಡುಕುವವರು ಹಾಲಿನ ಅಂಗಡಿ, ಶಾಲೆ, ದವಾಖಾನೆ ಎಷ್ಟು ದೂರ ಅಂತ ಕೇಳಬೇಕು.

ನನ್ನ ಮೊದಲ ಪ್ರಶ್ನೆ ಎಲ್ಲ ಕಡೆಯೂ ನೀರಿನದೇ. ನಮ್ಮ ಊರಿಗೆ ಭೀಮಾ ನದಿಯಿಂದಲೂ ಬೆಣ್ಣೆತೊರಾ ಜಲಾಶಯದಿಂದಲೂ ನೀರು ಬರುತ್ತದೆ. ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಜೊತೆಗೆ ಕಲಬುರಗಿಯ ಕೆಲವು ವಾರ್ಡುಗಳಿಗೂ 24 ತಾಸಿನ ನೀರು ಬಂದು ಬಹಳ ವರ್ಷಗಳಾದವು. ಉಳಿದ ಕಡೆ ಇಂದಿಗೂ ನಳ ಬರುವ ದಿನವನ್ನು ಎಣಿಸಿಕೊಂಡೇ ಬಾಳುವೆ. ಹಾಗಾಗಿ ‘ಕಲಬುರಗಿಯಲ್ಲಿ ನೀರು ಹೇಗಿದೆ’ ಅನ್ನುವ ಪ್ರಶ್ನೆಗೆ ಅರ್ಥವಿಲ್ಲ. ಇದೇ ಓಣಿಯಲ್ಲಿ, ಇದೇ ಸಾಲಿನಲ್ಲಿ, ಮೇ ತಿಂಗಳಲ್ಲಿ ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಯಾವ ಹೊತ್ತಿಗೆ ಬರುತ್ತದೆ ಅಂತ ಕೇಳಬೇಕು. ಹೊತ್ತು ಯಾಕೆ ಮುಖ್ಯ ಅಂದರೆ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ನಡುಮಧ್ಯಾಹ್ನ ನಳ ಬಂದರೆ ಮೋಟರ್ ಹಾಕಲು ಮಂಡಿ ನೋವಿನ ಅತ್ತಿಯೇ ಏಳಬೇಕು.

ಈ ಪ್ರಶ್ನೆಯನ್ನು ಮನೆ ಮಾರುವವರಿಗೆ ಕೇಳಿದರೆ ಸರಿಯಾದ ಉತ್ತರ ಸಿಗುವುದು ಕಷ್ಟ. ನಾನು ಎದುರು ಮನೆಯ, ಪಕ್ಕದ ಮನೆಯ ಹೆಣ್ಣುಮಕ್ಕಳನ್ನು ಕೇಳುತ್ತಿದ್ದೆ. ಬೋರಿನ ನೀರಿನ ಬಗ್ಗೆ ಕೇಳುವುದಾದರೆ ನನ್ನ ಹತ್ತಿರ ಒಂದೇ ಪ್ರಶ್ನೆ ಇತ್ತು: ‘ಅಕ್ಕಾ, ನಿಮ್ಮ ಬೋರಿನ ನೀರಾಗ ಬ್ಯಾಳಿ ಬೇಯ್ತದೇನ್ರಿ?’ ತೊಗರಿ ಬೇಳೆಗೆ ಭೌಗೋಳಿಕ ಗುರುತು ಪಡೆದ ನಾಡು ನಮ್ಮದು. ಇಲ್ಲಿ ಈ ಪ್ರಶ್ನೆಗೆ ಯಾರೂ ತಪ್ಪು ಉತ್ತರ ಕೊಡುವುದಿಲ್ಲ. ‘ಇಲ್ರೀ ಅಕ್ಕಾ, ಬೇಯಂಗಿಲ್ಲ, ಕುಕ್ಕರ್ ಎಷ್ಟ್ ಸೀಟಿ ಹೊಡದ್ರೂ ಕಾಳು ಹಂಗೇ ಇರ್ತಾವ. ನಳದ ನೀರು ಕೊಡದಾಗ ಅಡಗಿಗಂತ ತಗದಿಟ್ಟಿರ್ತೀವಿ’ ಅಂತ ಒಬ್ಬಾಕೆ ಹೇಳಿದಳು. ನೀರು ಗಡಸು ಅನ್ನುವುದಕ್ಕೆ ಇದಕ್ಕಿಂತ ಹೆಚ್ಚಿನ ಪರೀಕ್ಷೆ ಬೇಕಾಗಿರಲಿಲ್ಲ. ಅಲ್ಲಿ ನಳದ ನೀರೂ ಅಪರೂಪ ಅಂತ ಗೊತ್ತಾದ ಮೇಲೆ, ಮನೆ ಎಷ್ಟೇ ಚೆಂದ ಇದ್ದರೂ ಮುಂದುವರಿಯಲಿಲ್ಲ.

ಎರಡನೆಯದು ನೆಲ. ಇದನ್ನು ಹೊರಗಿನಿಂದ ಬಂದವರು ಮರೆತುಬಿಡುತ್ತಾರೆ, ಒಕ್ಕಲುತನದ ಮನೆಯವರು ಮರೆಯುವುದಿಲ್ಲ. ಇಲ್ಲಿಯದು ಎರಿ ಮಣ್ಣು, ಅಂದರೆ ಕಪ್ಪು ಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬ್ಯಾಸಿಗಿಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಜೋಳಕ್ಕೆ, ತೊಗರಿಗೆ ಬಂಗಾರದಂಥ ಈ ನೆಲದ ಮೇಲೆ ತಳಪಾಯವನ್ನು ಕೆಳಗಿನ ಗಟ್ಟಿ ಮುರುಮಿನವರೆಗೆ ಇಳಿಸದೆ ಕಟ್ಟಿದರೆ ಗೋಡೆ ನಿಲ್ಲುವುದಿಲ್ಲ. ಕಟ್ಟಿದ ಮನೆ ಕೊಳ್ಳುವಾಗ ಹೊಸ ಬಣ್ಣದ ಕೆಳಗೆ ಬಿರುಕು ಕಾಣುವುದಿಲ್ಲವಲ್ಲ. ಅದಕ್ಕೆ ಮಾವ ಒಂದು ಉಪಾಯ ಹೇಳಿಕೊಟ್ಟರು. ಆ ಓಣಿಯ ಕಂಪೌಂಡ್ ಗೋಡೆಗಳನ್ನು ನೋಡುತ್ತ ನಡೆಯಿರಿ ಅಂದರು. ಕಂಪೌಂಡ್‌ಗೆ ಯಾರೂ ಆಳವಾದ ತಳಪಾಯ ಹಾಕುವುದಿಲ್ಲ, ಹಾಗಾಗಿ ನೆಲದ ಗುಣ ಮೊದಲು ಅಲ್ಲಿ ಕಾಣುತ್ತದೆ. ವಾಲಿದ ಗೋಡೆ, ಗೇಟಿನ ಕಂಬದ ಹತ್ತಿರ ಓರೆಯಾಗಿ ಸೀಳಿದ ಪ್ಲಾಸ್ಟರ್, ಎದ್ದು ನಿಂತ ಶಹಾಬಾದ ಪರಸಿ (ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು) ಕಂಡರೆ ಒಳಗೆ ಹೋಗಿ ಕಿಟಕಿ ಮೂಲೆಗಳನ್ನು ನೋಡಬೇಕು. ‘ಮಳಿಗಾಲ್ದಾಗ ಬಾಗಿಲಾ ಹಿಡೀತಾವೇನ್ರಿ?’ ಅಂತ ಪಕ್ಕದವರನ್ನು ಕೇಳಬೇಕು. ಬಿರುಕು ಇದ್ದ ಮಾತ್ರಕ್ಕೆ ಆ ಓಣಿ ಬಿಡಬೇಕು ಅಂತಲ್ಲ. ಅಲ್ಲಿ ಯಾರು ಸರಿಯಾಗಿ ಕಟ್ಟಿದ್ದಾರೆ, ಯಾರು ಕಟ್ಟಿಲ್ಲ ಅನ್ನುವುದು ಇದರಿಂದ ಬೇರೆಯಾಗುತ್ತದೆ.

ಮಳೆ ನೀರು ನಿಲ್ಲುವ ಜಾಗವನ್ನು ಕಂಡುಹಿಡಿಯಲು 2020ರ ಅಕ್ಟೋಬರ್ ನೆನಪಿಸಿದರೆ ಸಾಕು. ಭೀಮಾ ಉಕ್ಕಿ, ಊರೊಳಗೂ ತಗ್ಗು ಜಾಗಗಳಲ್ಲಿ ನೀರು ನುಗ್ಗಿದ ಮಳೆ ಅದು. ‘ಆ ಮಳ್ಯಾಗ ಇಲ್ಲಿ ಎಲ್ಲಿತನಕ ನೀರು ಬಂದಿತ್ರಿ?’ ಅಂದರೆ ಕಿರಾಣಿ ಅಂಗಡಿಯವರು ಗೋಡೆ ಮೇಲೆ ಕೈ ಇಟ್ಟು ತೋರಿಸುತ್ತಾರೆ. ನಾಲಾ ಪಕ್ಕದ ಪ್ಲಾಟ್ ಅಗ್ಗ ಇರುವುದು ಯಾಕೆ ಅಂತ ನಮಗೆ ಹೀಗೇ ತಿಳಿಯಿತು.

ಈಗ ಮಂದಿಯ ವಿಚಾರ. ಒಂದು ಓಣಿಯನ್ನು ಒಂದೇ ಹೊತ್ತಿನಲ್ಲಿ ನೋಡಿ ಮುಗಿಸಬಾರದು. ಬ್ರೋಕರ್‌ಗಳು ಕರೆದೊಯ್ಯುವುದು ಸಾಮಾನ್ಯವಾಗಿ ರವಿವಾರ ಬೆಳಿಗ್ಗೆ, ಆಗ ಎಲ್ಲ ಓಣಿಯೂ ಚೆಂದ. ನಾವು ಬ್ಯಾಸಿಗಿ ಮಧ್ಯಾಹ್ನ ಹೋದೆವು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿಗಾಗಿ ನಮ್ಮ ಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಇಳಿಸುತ್ತಾರೆ. ಆ ಹೊತ್ತಿಗೆ ಬೇವಿನ ಗಿಡಗಳಿದ್ದ ಓಣಿಗೂ ಬಟಾಬಯಲಿನ ಲೇಔಟ್‌ಗೂ ಇರುವ ಅಂತರ ಮೈಗೆ ಗೊತ್ತಾಗುತ್ತದೆ. ಆಮೇಲೆ ದೀಪ ಹಚ್ಚುವ ಹೊತ್ತಿಗೆ ಹೋದೆವು. ಆಗ ನೋಡಬೇಕಾದ್ದು ಬೀದಿದೀಪ ಹತ್ತುತ್ತವೆಯೇ, ಹೆಣ್ಣುಮಕ್ಕಳು ಕಟ್ಟೆ ಮೇಲೆ ಕೂತಿದ್ದಾರೆಯೇ, ಮುದುಕರು ಅಡ್ಡಾಡುತ್ತಾರೆಯೇ, ಮಕ್ಕಳು ಓಣಿಯಲ್ಲಿ ಆಡುತ್ತವೆಯೇ ಎಂಬುದು. ಹನ್ನೆರಡು ವರ್ಷದ ಹುಡುಗಿಯರು ಕತ್ತಲಾಗುವ ಹೊತ್ತಿಗೆ ಸೈಕಲ್ ಹೊಡೆಯುತ್ತಿರುವ ಓಣಿ ಕಂಡರೆ ನನ್ನ ಅರ್ಧ ಚಿಂತೆ ಕಳೆಯುತ್ತಿತ್ತು.

ಹೊಸ ಲೇಔಟ್‌ಗಳಲ್ಲಿ ನನಗೆ ಅಂಜಿಕೆ ತಂದದ್ದು ಖಾಲಿ ಪ್ಲಾಟುಗಳು. ಹೂಡಿಕೆಗಂತ ಕೊಂಡು ಬಿಟ್ಟವರು ಬೇರೆ ಊರಲ್ಲಿರುತ್ತಾರೆ, ಪ್ಲಾಟಿನಲ್ಲಿ ಜಾಲಿ ಕಂಟಿ ಬೆಳೆಯುತ್ತದೆ, ಹಾವು, ಹಂದಿ, ನಾಯಿ ಹಿಂಡು ಸೇರುತ್ತವೆ, ಕಸ ಬೀಳುತ್ತದೆ. ಸಾಲಿನಲ್ಲಿ ಒಂದೇ ಮನೆ ಇದ್ದರೆ ಕಸದ ಗಾಡಿಯೂ ನಿಯಮವಾಗಿ ಬರುವುದಿಲ್ಲ, ಮಕ್ಕಳಿಗೆ ಗೆಳೆಯರೂ ಇರುವುದಿಲ್ಲ. ಹತ್ತು ವರ್ಷದಲ್ಲಿ ಮನೆ ತುಂಬುತ್ತವೆ ಅಂತ ಹೇಳುತ್ತಾರೆ. ನನ್ನ ಮಗಳ ಬಾಲ್ಯ ಹತ್ತು ವರ್ಷ ಕಾಯುವುದಿಲ್ಲ. ಸಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಸಂಸಾರಗಳು ಇರುವ ಕಡೆ ಮಾತ್ರ ನೋಡೋಣ ಅಂತ ಗೆರೆ ಎಳೆದುಬಿಟ್ಟೆವು. ಫಂಕ್ಷನ್ ಹಾಲ್ ಪಕ್ಕದ ಮನೆಗಳನ್ನೂ ಬಿಟ್ಟೆವು. ಮದುವೆ ಸುಗ್ಗಿಯಲ್ಲಿ ಡಿಜೆ ಸದ್ದಿಗೆ ಮಾವನ ಎದೆ ತಡೆಯುವುದಿಲ್ಲ, ಗೇಟಿಗೆ ಅಡ್ಡ ನಿಂತ ಕಾರು ಸರಿಯುವವರೆಗೆ ಆಟೋ ಒಳಗೆ ಬರುವುದಿಲ್ಲ.

ಪ್ಲಾಟ್ ತೋರಿಸುವವರು ಪಿಸುದನಿಯಲ್ಲಿ ಹೇಳುವ ಇನ್ನೊಂದು ಮಾತಿದೆ: ‘ಇಲ್ಲಿ ಎಲ್ಲಾ ನಮ್ಮ ಮಂದೀನೇ ಅದಾರ್ರಿ.’ ಈ ಮಾತು ನನಗೆ ಯಾವಾಗಲೂ ನೋವು ಕೊಡುತ್ತದೆ. ಶರಣಬಸಪ್ಪನ ಗುಡಿಗೂ ಬಂದೇ ನವಾಜರ ದರ್ಗಾಕ್ಕೂ ಒಂದೇ ಭಕ್ತಿಯಿಂದ ನಡೆದುಕೊಳ್ಳುವ ಮಂದಿಯ ಊರು ಇದು. ಒಂದೇ ಜಾತಿಯ ಕಾಲೋನಿಯಲ್ಲಿ ಬೆಳೆದ ಮಗುವಿಗೆ ಅರ್ಧ ಊರು ಪರಕೀಯವಾಗಿಬಿಡುತ್ತದೆ. ಕುಟುಂಬಕ್ಕೆ ಒಗ್ಗುವ ಓಣಿ ಅಂದರೆ ನನ್ನ ಲೆಕ್ಕದಲ್ಲಿ ರಾತ್ರಿ ಎರಡು ಗಂಟೆಗೆ ಬಾಗಿಲು ಬಡಿದರೆ ಎದ್ದು ಬರುವವರ ಓಣಿ. ಅದನ್ನು ತಿಳಿಯಲು ನಾನು ಕೇಳುತ್ತಿದ್ದ ಪ್ರಶ್ನೆ: ‘ಈ ಓಣ್ಯಾಗ ಯಾರಿಗಾರ ಆರಾಮಿಲ್ಲದಾಗ ದವಾಖಾನಿಗೆ ಯಾರು ಕರ್ಕೊಂಡು ಹೋಗಿದ್ರು?’ ಒಂದು ಕಡೆ ಇದಕ್ಕೆ ಮೂರು ಮನೆಯವರೂ ಒಂದೇ ಹೆಸರು ಹೇಳಿದರು, ಮೂಲೆ ಮನೆಯ ಆಟೋ ಕಾಕಾನ ಹೆಸರು. ಅಲ್ಲೇ ನಮ್ಮ ಮನಸ್ಸು ನಿಂತಿತು. ಎಳ್ಳಮಾಸಿಗೆ ಹೊಲದಿಂದ ತಂದ ಭಜ್ಜಿ, ಸಜ್ಜಿ ರೊಟ್ಟಿ ಆ ಕಾಕಾನ ಮನೆಗೆ ಹೋಗುತ್ತದೆ, ಈದ್‌ಗೆ ಅವರ ಮನೆಯ ಶೀರ್ ಖುರ್ಮಾ ಓಣಿಗೆಲ್ಲ ಬರುತ್ತದೆ ಅಂತ ಆಮೇಲೆ ತಿಳಿಯಿತು.

ಮನಸ್ಸು ನಿಂತರೂ ತಕ್ಷಣ ಕೊಳ್ಳಲಿಲ್ಲ. ಅದೇ ಓಣಿಯಲ್ಲಿ ಮೇಲಿನ ಮಹಡಿಯೊಂದು ಬಾಡಿಗೆಗೆ ಸಿಕ್ಕಿತು, ಸೇರಿಕೊಂಡೆವು. ಒಂದು ಬ್ಯಾಸಿಗಿ, ಒಂದು ಮಳೆಗಾಲ ಅಲ್ಲೇ ಕಳೆದೆವು. ಸಾಮಾನು ಎರಡು ಸಲ ಸಾಗಿಸುವ ಖರ್ಚು ಯಾಕೆ ಅಂತ ನೆಂಟರು ಕೇಳಿದರು. ಬದುಕಿನುದ್ದದ ಸಾಲಕ್ಕೆ ಸಹಿ ಹಾಕುವ ಮುಂಚೆ ಆ ಖರ್ಚು ನನಗೆ ಹೆಚ್ಚು ಅನ್ನಿಸಲಿಲ್ಲ. ನಳ ಬರುವ ಹೊತ್ತು, ಕರೆಂಟ್ ಹೋಗುವ ಹೊತ್ತು, ಮಳೆಯಲ್ಲಿ ಯಾವ ತಿರುವಿನಲ್ಲಿ ನೀರು ನಿಲ್ಲುತ್ತದೆ ಎಲ್ಲ ಗೊತ್ತಾಯಿತು. ಮುಖ್ಯ ರಸ್ತೆಯ ಬಸ್ ಸ್ಟಾಪ್‌ಗೆ ಅತ್ತಿ ಒಬ್ಬರೇ ನಡೆದು ಹೋಗುತ್ತಾರೆ ಅನ್ನುವುದೂ ಗೊತ್ತಾಯಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಉಚಿತವಾಗಿದೆ. ಸಿಟಿ ಬಸ್ ಓಡುವ ರಸ್ತೆಗೆ ಹತ್ತಿರ ಇದ್ದರೆ ಮನೆಯ ಹಿರಿಯ ಹೆಂಗಸು ಯಾರ ಕೈ ಕಾಯದೆ ಗುಡಿಗೆ, ತಂಗಿಯ ಮನೆಗೆ ಹೋಗಿ ಬರುತ್ತಾಳೆ. ಇದನ್ನು ಬರೀ ಸೌಕರ್ಯ ಅನ್ನಲು ಮನಸ್ಸು ಬಾರದು, ಅತ್ತಿಯ ಮುಖದ ಗೆಲುವನ್ನು ನಾನು ನೋಡಿದ್ದೇನೆ. ಮಾವನಿಗೆ ಸೇಡಂ ರಸ್ತೆಯ ಜಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು) ಆವರಣದಲ್ಲಿರುವ 371 ಹಾಸಿಗೆಯ ಜಯದೇವ ಹೃದ್ರೋಗ ಆಸ್ಪತ್ರೆಗೆ ಸಿಗ್ನಲ್‌ಗಳ ಗೋಜಿಲ್ಲದೆ ಮುಟ್ಟುವ ದಾರಿ ಇದೆ.

ಕೊನೆಗೆ ಮನೆ ಸಿಕ್ಕಿದ್ದೂ ಓಣಿಯವರ ಬಾಯಿಂದಲೇ. ಮೂರನೇ ಸಾಲಿನ ನಿವೃತ್ತ ದಂಪತಿ ಮಗನ ಹತ್ತಿರ ಹೈದರಾಬಾದಿಗೆ ಹೋಗುವವರಿದ್ದಾರೆ ಅಂತ ಎದುರು ಮನೆಯ ಅಕ್ಕ ಹೇಳಿದಳು.

ಕಾಗದಪತ್ರದ ಬಗ್ಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಹೊಲ ಎನ್‌ಎ (ಕೃಷಿಯೇತರ ಜಮೀನು) ಆದ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿದ ಲೇಔಟ್ ನಕ್ಷೆ, ಮಹಾನಗರ ಪಾಲಿಕೆಯ ಇ-ಖಾತಾ, ಕರ ತುಂಬಿದ ರಸೀದಿ, ಆಸ್ತಿಯ ಮೇಲಿನ ಸಾಲ, ವ್ಯವಹಾರ ತೋರಿಸುವ ಋಣಭಾರ ಪತ್ರ, ಇವು ಐದೂ ಕೈಯಲ್ಲಿ ಇಲ್ಲದೆ ಮುಂಗಡ ಕೊಡಬೇಡಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ. ಅದಕ್ಕೂ ಹಿಂದಿನದನ್ನು ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಹಾಕಿ ತೆಗೆಸಬೇಕು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2 ಆಗಿದೆ, ಬಜೆಟ್ ಹಾಕುವಾಗ ಅದನ್ನೂ ಸೇರಿಸಿಕೊಳ್ಳಿ. ಬ್ಯಾಂಕಿನ ವಕೀಲರು ನೋಡಿದ್ದಾರೆ ಅಂತ ಸುಮ್ಮನಿರದೆ ಲೇಔಟ್ ನಕ್ಷೆಯನ್ನು ಕೈಯಲ್ಲಿ ಹಿಡಿದು ಓಣಿ ಸುತ್ತಿ. ನಕ್ಷೆಯಲ್ಲಿ ಉದ್ಯಾನ ಅಂತ ಹಸಿರು ಬಳಿದ ಜಾಗ ನೆಲದ ಮೇಲೆ ಏನಾಗಿದೆ ಅಂತ ನೋಡಿ. ಕೆಲವು ಕಡೆ ಅಲ್ಲಿ ಶೆಡ್ ಎದ್ದಿರುತ್ತದೆ, ಕೆಲವು ಕಡೆ ಇಟ್ಟಿಗೆ ರಾಶಿ ಬಿದ್ದಿರುತ್ತದೆ. ಮಕ್ಕಳಿಗೆ ಆಡಲು ಬಿಟ್ಟ ಆ ಜಾಗವನ್ನು ಕಾಯ್ದುಕೊಂಡ ಕಾಲೋನಿಯವರು ಉಳಿದದ್ದನ್ನೂ ಕಾಯುತ್ತಾರೆ ಅನ್ನುವುದು ನನ್ನ ನಂಬಿಕೆ.

ನಮ್ಮ ಕಾಲೋನಿಯಲ್ಲಿ ಆ ಜಾಗ ಖಾಲಿ ಉಳಿದಿದೆ, ಒತ್ತುವರಿ ಆಗಿಲ್ಲ, ಆದರೆ ಬೇಲಿಯೂ ಇಲ್ಲ. ಬೇಲಿ ಹಾಕಿಸಿ, ಮಕ್ಕಳಿಗೆ ಜೋಕಾಲಿ, ಮುದುಕರಿಗೆ ಕಲ್ಲುಬೆಂಚು ಕೊಡಿ ಅಂತ ಓಣಿಯ ಎಲ್ಲ ಮನೆಯವರ ಸಹಿ ಹಾಕಿಸಿ ಪಾಲಿಕೆಗೆ ಅರ್ಜಿ ಕೊಟ್ಟಿದ್ದೇವೆ. ಮಂಜೂರಾಗುವವರೆಗೆ ಕಾಯದೆ ಈ ಮಳೆಗಾಲಕ್ಕೆ ಬೇವು, ಹೊಂಗೆ ಸಸಿ ಹಚ್ಚುವುದು ಅಂತ ಮಾವ ಮತ್ತು ಆಟೋ ಕಾಕಾ ಸೇರಿ ಗುಂಡಿ ತೋಡಿಸುತ್ತಿದ್ದಾರೆ.