ಸಬ್ ಮೀಟರ್ ಬಿಲ್ ಜಾಸ್ತಿ ಬರ್ತಿದ್ಯಾ? ದುಡ್ಡು ಕೊಡೋ ಮುಂಚೆ ಹೀಗೆ ಲೆಕ್ಕ ಹಾಕಿ

ಬಾಡಿಗೆ ಎಷ್ಟು ಅಂತ ಚೌಕಾಸಿ ಮಾಡೋ ನಾವು ಕರೆಂಟ್ ವಿಷಯಕ್ಕೆ ಬಂದ್ರೆ ಓನರ್ ಹೇಳಿದ ಯೂನಿಟ್ ರೇಟನ್ನ ಸುಮ್ನೆ ಒಪ್ಕೊಂಡುಬಿಡ್ತೀವಿ. ಒಂದೇ ಮೈನ್ ಮೀಟರ್, ಒಳಗೆ ಮೂರ್ನಾಲ್ಕು ಮನೆಗೆ ಸಬ್ ಮೀಟರ್, ತಿಂಗಳಿಗೊಂದು ಸಲ ಚೀಟೀಲಿ ಬರೆದ ಮೊತ್ತ, ಇಷ್ಟೇ ನಮಗೆ ಕಾಣೋದು. ಆದ್ರೆ ಆ ರೇಟು ಓನರ್ ಬಾಯಿಂದ ಬರಬೇಕಾದ್ದಲ್ಲ, ಮೈನ್ ಬಿಲ್ಲಿಂದ ಬರಬೇಕಾದ್ದು.

ಮೊದಲು ರೀಡಿಂಗ್. ಪ್ರತಿ ತಿಂಗಳು ಓನರ್ ರೀಡಿಂಗ್ ತಗೊಳ್ಳೋ ದಿನಾನೇ ನೀವೂ ಮೀಟರ್ ಫೋಟೋ ತೆಗೀರಿ, ಮೀಟರ್ ನಂಬರ್ ಕೂಡ ಕಾಣೋ ಹಾಗೆ. ಹಳೇ ಮೀಟರ್‌ಗಳಲ್ಲಿ ಕೊನೇ ಅಂಕಿ ಕೆಂಪು ಬಣ್ಣದಲ್ಲಿ ಇರತ್ತೆ ಇಲ್ಲಾ ಅದರ ಹಿಂದೆ ಒಂದು ಚುಕ್ಕಿ ಇರತ್ತೆ, ಅದು ದಶಮಾಂಶ, ಅದನ್ನೂ ಸೇರಿಸಿ ಓದಿದ್ರೆ 90 ಯೂನಿಟ್ ಹೋಗಿ 900 ಆಗತ್ತೆ. ಬೇಕಂತಲೇ ಮಾಡದಿದ್ರೂ ಆಗೋ ತಪ್ಪು ಇದು.

ಆಮೇಲೆ ಮೈನ್ ಬಿಲ್ ಕೇಳಿ. ಜಗಳದ ಧಾಟಿ ಬೇಡ, "ಸರ್, ಈ ತಿಂಗಳ ಮೈನ್ ಬಿಲ್ ಫೋಟೋ ಒಂದು ಕಳಿಸ್ತೀರಾ, ಲೆಕ್ಕ ಇಟ್ಕೋಬೇಕಿತ್ತು" ಅಂತ ಮೆಸೇಜ್ ಹಾಕಿ ಸಾಕು. ಬಾಯಲ್ಲಿ ಕೇಳಿದ್ದಕ್ಕೆ ಆಧಾರ ಇರಲ್ಲ, ಮೆಸೇಜ್‌ಗೆ ಇರತ್ತೆ.

ಈಗ ಮುಖ್ಯವಾದ ಲೆಕ್ಕ. ಮೈನ್ ಬಿಲ್ಲಲ್ಲಿ ಒಟ್ಟು 400 ಯೂನಿಟ್, ಬಳಕೆ ಚಾರ್ಜು ತೆರಿಗೆ ಎಲ್ಲ ಸೇರಿ 3000, ಫಿಕ್ಸೆಡ್ ಚಾರ್ಜ್ 300, ಹಳೇ ಬಾಕಿ 500 ಅಂತಿಟ್ಕೊಳ್ಳಿ. 3000ನ 400ರಿಂದ ಭಾಗಿಸಿದ್ರೆ ಯೂನಿಟ್‌ಗೆ 7.50. ನಿಮ್ಮ ಸಬ್ ಮೀಟರ್ 90 ಯೂನಿಟ್ ತೋರಿಸಿದ್ರೆ 675 ಆಯ್ತು. ಮೂರು ಮನೆ ಇದ್ರೆ ಫಿಕ್ಸೆಡ್ ಚಾರ್ಜಲ್ಲಿ ನಿಮ್ಮ ಪಾಲು 100, ಒಟ್ಟು 775. ಓನರ್ ಯೂನಿಟ್‌ಗೆ 12 ಅಂತ 1080 ಕೇಳಿದ್ರೆ 305 ಜಾಸ್ತಿ. ಹಳೇ ಬಾಕಿ, ಲೇಟ್ ಫೀ ನಿಮ್ಮ ತಲೆಗೆ ಬರಬಾರದು, ನೀವು ಟೈಮಿಗೆ ಕೊಟ್ಟಿದ್ರೆ ಅವರು ಕಟ್ಟೋದು ಲೇಟಾಗಿದ್ದಕ್ಕೆ ನೀವ್ಯಾಕೆ ದಂಡ ಕಟ್ಬೇಕು?

"ನಮ್ದು ಮೇಲಿನ ಸ್ಲ್ಯಾಬ್‌ಗೆ ಹೋಗಿದೆ, ಅದೇ ರೇಟು" ಅನ್ನೋ ಮಾತು ತುಂಬಾ ಕೇಳಿಬರತ್ತೆ. ಸ್ಲ್ಯಾಬ್ ಪದ್ಧತೀಲಿ ಸಾಮಾನ್ಯವಾಗಿ ಮೊದಲ ಯೂನಿಟ್‌ಗಳಿಗೆ ಕಡಿಮೆ ರೇಟು, ಆಮೇಲಿನದಕ್ಕಷ್ಟೇ ಜಾಸ್ತಿ, ಹಾಗಾಗಿ ಎಲ್ಲ ಬಾಡಿಗೆದಾರರಿಗೂ ಕೊನೇ ಸ್ಲ್ಯಾಬ್ ರೇಟನ್ನೇ ಹಾಕಿದ್ರೆ ಕೆಳಗಿನ ಸ್ಲ್ಯಾಬ್‌ನ ಉಳಿತಾಯ ಪೂರ್ತಿ ಓನರ್ ಜೇಬಿಗೆ ಹೋಗತ್ತೆ. ಸರಾಸರಿ ತಗೊಂಡ್ರೆ ಯಾರಿಗೂ ಮೋಸ ಇಲ್ಲ. ಮೆಟ್ಟಿಲು ಲೈಟು, ನೀರಿನ ಮೋಟರ್ ಖರ್ಚು ಹಂಚ್ಕೊಳ್ಳೋದು ನ್ಯಾಯಾನೇ, ಆದ್ರೆ ಅದನ್ನ ಬೇರೆ ತೋರಿಸಿ ಕೇಳ್ಲಿ, ಯೂನಿಟ್ ರೇಟಲ್ಲಿ ಮುಚ್ಚಿಡೋದು ಬೇಡ.

ರೇಟು ಸರಿ ಇದೆ, ಯೂನಿಟ್ಟೇ ಜಾಸ್ತಿ ಅನ್ಸಿದ್ರೆ ಮೀಟರ್ ಪರೀಕ್ಷೆ ಮಾಡಿ. ಮನೆ ಒಳಗಿನ ಮೈನ್ ಸ್ವಿಚ್ ಆಫ್ ಮಾಡಿ ಸಬ್ ಮೀಟರ್ ಮುಂದೆ ಐದು ನಿಮಿಷ ನಿಂತ್ಕೊಳ್ಳಿ, ಆಗಲೂ ಕೆಂಪು ಲೈಟು ಮಿಣುಕ್ತಾನೇ ಇದ್ರೆ, ಅಂಕಿ ಓಡ್ತಾ ಇದ್ರೆ, ಬೇರೆ ಯಾವುದೋ ಲೈನು ನಿಮ್ಮ ಮೀಟರಿಂದ ಹೋಗಿರೋ ಸಾಧ್ಯತೆ ಜಾಸ್ತಿ. ಇನ್ನೊಂದು ಪರೀಕ್ಷೆ: ಮೀಟರ್ ಮೇಲೆ ಒಂದು ಯೂನಿಟ್‌ಗೆ ಲೈಟು ಎಷ್ಟು ಸಲ ಮಿಣುಕತ್ತೆ ಅಂತ ಬರೆದಿರತ್ತೆ, ಉದಾಹರಣೆಗೆ 3200. ಎಲ್ಲಾ ಆಫ್ ಮಾಡಿ 1500 ವ್ಯಾಟ್‌ನ ನೀರು ಕಾಯಿಸೋ ಕಾಯಿಲ್ ಒಂದೇ ಹಾಕಿದ್ರೆ (ನೀರೊಳಗೆ ಇಟ್ಟೇ ಹಾಕಿ) ನಿಮಿಷಕ್ಕೆ ಸುಮಾರು 80 ಸಲ ಮಿಣುಕ್ಬೇಕು. ವೋಲ್ಟೇಜ್ ಪ್ರಕಾರ ಸ್ವಲ್ಪ ಆಚೀಚೆ ಆಗತ್ತೆ, ಅದಕ್ಕೆ ಜಗಳ ಬೇಡ, 110 ದಾಟಿದ್ರೆ ಮಾತ್ರ ಮೀಟರ್ ಚೆಕ್ ಮಾಡ್ಸಿ ಅಂತ ಕೇಳಿ. ಬೋರ್ಡ್ ಬಿಚ್ಚೋದು, ವೈರ್ ಎಳೆಯೋದು ಎಲೆಕ್ಟ್ರಿಷಿಯನ್ ಕೆಲಸ, ನೀವು ಕೈ ಹಾಕ್ಬೇಡಿ.

ಲೆಕ್ಕ ತೋರಿಸಿದ್ರೂ ಒಪ್ಪದಿದ್ರೆ ಬಿಲ್ಲನ್ನ ಪೂರ್ತಿ ನಿಲ್ಲಿಸ್ಬೇಡಿ, ಬಾಕಿದಾರ ಅನ್ನಿಸ್ಕೊಳ್ಳೋದು ನೀವೇ ಆಗ್ತೀರಿ. ನಿಮ್ಮ ಲೆಕ್ಕದ ಮೊತ್ತ ಆನ್‌ಲೈನಲ್ಲಿ ಕಟ್ಟಿ, ಉಳಿದಿದ್ದಕ್ಕೆ ತಕರಾರು ಇದೆ ಅಂತ ಬರವಣಿಗೇಲಿ ಹೇಳಿ. ಕರೆಂಟ್ ಮರುಮಾರಾಟದ ಕಾನೂನು ಒಂದೊಂದು ಕಡೆ ಒಂದೊಂದು ಥರ. ಬ್ರಿಟನ್‌ನಲ್ಲಿ ಆಫ್‌ಜೆಮ್ ಅನ್ನೋ ನಿಯಂತ್ರಣ ಸಂಸ್ಥೆ ತಂದ ನಿಯಮ 2003ರಿಂದ ಇದೆ, ಓನರ್ ತಾನು ಕೊಟ್ಟ ರೇಟಿಗಿಂತ ಜಾಸ್ತಿಗೆ ಬಾಡಿಗೆದಾರರಿಗೆ ಮಾರೋ ಹಾಗಿಲ್ಲ, ಜಾಸ್ತಿ ತಗೊಂಡಿದ್ದನ್ನ ಕೋರ್ಟಲ್ಲಿ ವಾಪಸ್ ಕೇಳಬಹುದು. ನಿಮ್ಮಲ್ಲಿ ಏನಿದೆ ಅಂತ ವಿದ್ಯುತ್ ಕಂಪನಿಯ ಗ್ರಾಹಕ ವಿಭಾಗದಲ್ಲಿ ಇಲ್ಲಾ ವಿದ್ಯುತ್ ನಿಯಂತ್ರಣ ಆಯೋಗದಲ್ಲಿ ವಿಚಾರಿಸಿ, ಫೋಟೋ ಮೆಸೇಜು ಎಲ್ಲಾ ತಗೊಂಡೇ ಹೋಗಿ.

ಮನೆ ಖಾಲಿ ಮಾಡೋ ದಿನ ಓನರ್ ಜೊತೇಲೇ ನಿಂತು ಕೊನೇ ರೀಡಿಂಗ್ ಬರೆದು ಇಬ್ಬರೂ ಸೈನ್ ಹಾಕಿ, ಇಲ್ಲದಿದ್ರೆ ಅಡ್ವಾನ್ಸ್‌ನಲ್ಲಿ ಎಷ್ಟು ಹಿಡ್ಕೊಂಡ್ರು ಅಂತ ಕೇಳೋಕೆ ನಿಮ್ಮ ಕೈಲಿ ಏನೂ ಇರಲ್ಲ.